ಬೆಕ್ಕಿನ ಡ್ಯೂಟಿ ಮತ್ತು ನನ್ನ ಚಿತ್ರಕಥೆ

ಹೋದ ತಿಂಗಳು ದಢೇಸುಗೂರಿನಲ್ಲಿ ಒಂದು ಬೆಕ್ಕಿಗೆ ಕೆಲಸ ಹೋಯಿತು. ಕಾರಣ ನಾನು.

ನಗಬೇಡಿ. ಸಣ್ಣಪುಟ್ಟ ಕೆಲಸವಲ್ಲ ಅದು. ಹನ್ನೊಂದು ವರ್ಷದಿಂದ ಒಂದು ಸಂಸಾರವನ್ನು ನಡೆಸಿಕೊಂಡು ಬಂದ ಬೆಕ್ಕು. (ಇದೇ ಬೆಕ್ಕಲ್ಲ. ಮೊದಲಿನದು ತೀರಿಕೊಂಡಿತು. ಈಗಿನದು ಅದರ ಮೊಮ್ಮಗಳು. ಅನುಕಂಪದ ಆಧಾರದ ಮೇಲೆ ನೇಮಕಾತಿ ಅನ್ನಿ.)

ಬಿಡಿಸಿ ಹೇಳುತ್ತೇನೆ. ದಢೇಸುಗೂರಿನಲ್ಲಿ ನನ್ನ ಚಿಗವ್ವ ಇದ್ದಾಳೆ. ಅವ್ವನ ತಂಗಿ, ಹೆಸರು ಶರಣಮ್ಮ. ಆಕೆಯ ಗಂಡ ಅಮರಪ್ಪ ಕಾಕಾ. ಕಾಲುವೆ ನೀರಿನ ಗದ್ದೆ, ಎರಡು ಎಮ್ಮೆ, ಅಂಗಳ ದೊಡ್ಡದಿರುವ ಮನೆ. ಮಗಳನ್ನು ಅದೇ ಊರಿಗೆ ಕೊಟ್ಟಿದ್ದಾರೆ, ದಿನಕ್ಕೆರಡು ಸಲ ಬಂದು ಹೋಗುತ್ತಾಳೆ. ಯಾವುದಕ್ಕೂ ಕಡಿಮೆಯಿಲ್ಲ. ಕಡಿಮೆ ಇದ್ದದ್ದು ಒಂದೇ. ಗಂಡ ಹೆಂಡತಿ ಮಾತು ಬಿಟ್ಟಿದ್ದರು.

ನಮ್ಮ ಕಡೆ ಮಾತು ಬಿಡುವುದೆಂದರೆ ಜಗಳವಲ್ಲ. ಜಗಳಕ್ಕೆ ಮಾತು ಬೇಕಲ್ಲ? ಮಾತು ಬಿಟ್ಟವರು ಮನೆ ಬಿಡುವುದಿಲ್ಲ, ಊಟ ಬಿಡುವುದಿಲ್ಲ, ಒಬ್ಬರಿಗಾಗಿ ಒಬ್ಬರು ಮಾಡುವ ಕೆಲಸವನ್ನೂ ಬಿಡುವುದಿಲ್ಲ. ಹೇಳಬೇಕಾದ್ದನ್ನು ಮೂರನೆಯವರಿಗೆ ಹೇಳುತ್ತಾರೆ, ಅಷ್ಟೇ. ಕೆಲವು ಮನೆಗಳಲ್ಲಿ ಆ ಮೂರನೆಯವರು ತೊಟ್ಟಿಲ ಕೂಸು. ಕೆಲವು ಕಡೆ ನಡುಮನೆಯ ಕಂಬ. ಚಿಗವ್ವನ ಮನೆಯಲ್ಲಿ ಬೆಕ್ಕು.

“ಬೆಕ್ಕೇ, ರೊಟ್ಟಿ ಆಗ್ಯಾವು, ಕೈ ತೊಳ್ಕೊಂಡು ಬರ್ರಿ ಅನ್ನು.”

“ಬೆಕ್ಕೇ, ಇವತ್ತು ನೀರಿನ ಪಾಳಿ ನಮ್ದೈತಿ, ಬರೋದು ತಡ ಆಕ್ಕೈತಿ ಅನ್ನು.”

ಬೆಕ್ಕು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿತ್ತು. ಸಂಸಾರ ನಡೆಯುತ್ತಿತ್ತು. ಮಗಳ ಮದುವೆಗೆ ಬೆಕ್ಕನ್ನು ಛತ್ರಕ್ಕೆ ಒಯ್ಯುವಂತಿರಲಿಲ್ಲ. ಹಾಗಾಗಿ ವಿಡಿಯೋದವನನ್ನು ನಡುವೆ ನಿಲ್ಲಿಸಿಕೊಂಡರು. “ವಿಡಿಯೋ ತಮ್ಮಾ, ಅಕ್ಕಿಕಾಳು ಎಲ್ಲಿ ಇಟ್ಟಾರಂತ ಒಂದೀಟು ಕೇಳು” ಎಂದು ಚಿಗವ್ವ, ಎರಡು ಮಾರು ದೂರದಲ್ಲಿ ನಿಂತ ಗಂಡನಿಗೆ ಕೇಳುವಷ್ಟು ಜೋರಾಗಿ ಹೇಳಿದ್ದು ಇವತ್ತಿಗೂ ಮದುವೆ ಸಿಡಿಯಲ್ಲಿದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಗಾದೆ ಕಟ್ಟಿದವರು ಜಗಳವಾಡುವವರ ಬಗ್ಗೆ ಯೋಚಿಸಿದ್ದಾರೆ. ಮಾತು ಬಿಟ್ಟವರ ಬಗ್ಗೆ ಅಲ್ಲ.

ಕಾರಣ ಏನು? ಯಾರಿಗೂ ಗೊತ್ತಿರಲಿಲ್ಲ. ಮಗಳು ಕೇಳಿ ಸೋತಿದ್ದಳು. ಚಿಗವ್ವನನ್ನು ಕೇಳಿದರೆ “ಅದೇನ್ ಬಿಡಪಾ” ಎಂದು ಒಳಗೆ ಹೋಗುತ್ತಿದ್ದಳು. ಕಾಕಾನನ್ನು ಕೇಳಿದರೆ ಬೀಡಿ ಹಚ್ಚುತ್ತಿದ್ದ.

ಈಗ ನನ್ನ ಕಥೆಗೆ ಬರೋಣ. ಲಿಂಗಸುಗೂರಿನ ಕಚೇರಿಯೊಂದರಲ್ಲಿ ಫೈಲುಗಳ ನಡುವೆ ಕೂರುವ ಈ ಗುಮಾಸ್ತನಿಗೆ ಚಿತ್ರಕಥೆಯ ಹುಚ್ಚು ಇದೆ ಎಂಬುದು ವಾರವಾರ ಈ ಅಂಕಣ ಓದುವ ನಿಮಗೆ ಹೊಸದಲ್ಲ. ನಿಮ್ಮಲ್ಲೇ ಕೆಲವರು “ಸರ್, ಸಿನಿಮಾಕ್ಕೆ ಬರೆದು ಗೆಲ್ಲಬೇಕಾದರೆ ಏನು ಬೇಕು?” ಎಂದು ಕೇಳಿ ಪತ್ರ ಬರೆದಿದ್ದೀರಿ. ಗೆಲ್ಲದವನನ್ನೇ ಹುಡುಕಿ ಕೇಳುತ್ತೀರಲ್ಲ, ನಿಮ್ಮ ವಿಶ್ವಾಸ ದೊಡ್ಡದು.

ಎರಡು ಚಿತ್ರಕಥೆ ಬರೆದು ಟ್ರಂಕಿಗೆ ಹಾಕಿದ್ದೆ. ಮೊದಲನೆಯದನ್ನು ಕೇಳುತ್ತ ಕೇಳುತ್ತ ನಿರ್ಮಾಪಕರೊಬ್ಬರು ಸೋಫಾದಲ್ಲೇ ನಿದ್ದೆ ಹೋದರು. ಎರಡನೆಯದನ್ನು ಹೇಳುವಾಗ ನನಗೇ ಆಕಳಿಕೆ ಬಂತು.

ಎಲ್ಲಿ ತಪ್ಪಿತು ಎಂದು ಯೂಟ್ಯೂಬಿನಲ್ಲಿ ಹುಡುಕಿದೆ. ಅಲ್ಲಿ ಜ್ಞಾನಕ್ಕೆ ಬರವೇ? ಇಪ್ಪತ್ತೈದನೇ ಪುಟಕ್ಕೆ ತಿರುವು ಬರಬೇಕಂತೆ. ಅರವತ್ತಕ್ಕೆ ಇಂಟರ್‌ವಲ್. ತೊಂಬತ್ತರ ಹೊತ್ತಿಗೆ ಹೀರೋ ಎಲ್ಲವನ್ನೂ ಕಳೆದುಕೊಂಡು ಕೂತಿರಬೇಕು. ಒಂದೊಂದು ದೃಶ್ಯಕ್ಕೆ ಒಂದೊಂದು ಚೀಟಿ ಬರೆದು ಗೋಡೆಗೆ ಅಂಟಿಸಬೇಕು. ಅಂಟಿಸಿದೆ. ಸುಣ್ಣದ ಸಮೇತ ಕಿತ್ತು ಬಂದವು.

“ಸಿನಿಮಾ ಬರಿಯಾಕತ್ತೀರೋ, ಗ್ವಾಡಿ ಕೆರಿಯಾಕತ್ತೀರೋ?” ಎಂದು ಹೆಂಡತಿ ಪೊರಕೆ ತಂದಳು.

ಆ ಎಲ್ಲ ಪಾಠಗಳಲ್ಲಿ ಒಂದು ಮಾತು ಮಾತ್ರ ತಲೆಯಲ್ಲಿ ಉಳಿಯಿತು. ನಿಮಗೆ ಗೊತ್ತಿರುವ ಜನರ ಬಗ್ಗೆ ಬರೆಯಿರಿ. ನನಗೆ ಗೊತ್ತಿರುವವರು ಯಾರು? ಯಾರ ಮನೆಯಲ್ಲಿ ಎಲ್ಲಿ ಉಪ್ಪು, ಎಲ್ಲಿ ಖಾರ ಎಂದು ನಾನು ಕತ್ತಲಲ್ಲೂ ಹೇಳಬಲ್ಲೆ?

ಮೂರು ತಿಂಗಳಲ್ಲಿ ಬರೆದು ಮುಗಿಸಿದೆ. ಮಾತು ಬಿಟ್ಟ ಗಂಡ ಹೆಂಡತಿಯ ಕಥೆ. ಗುರುತು ಸಿಗಬಾರದಲ್ಲ? ಹೆಸರು ಬದಲಿಸಿದೆ. ಊರು ಬದಲಿಸಿದೆ. ಬೆಕ್ಕಿನ ಜಾಗದಲ್ಲಿ ಗಿಳಿ ತಂದೆ. ಮಾತು ಬಿಡಲು ಕಾರಣ ಬೇಕಿತ್ತು. ಸಿಂಧನೂರಿನಲ್ಲಿ ಒಬ್ಬಳು ನರ್ಸನ್ನು ಹುಟ್ಟಿಸಿ, ಗಂಡನಿಗೆ ಆಕೆಯ ಜೊತೆ ಸಂಬಂಧ ಕಟ್ಟಿದೆ. ಕೊನೆಗೆ ಗಂಡ ಆಸ್ಪತ್ರೆ ಸೇರುತ್ತಾನೆ, ಅದೇ ನರ್ಸು ಆರೈಕೆ ಮಾಡುತ್ತಾಳೆ, ಹೆಂಡತಿ ಅಳುತ್ತ ಮೊದಲ ಮಾತು ಆಡುತ್ತಾಳೆ. ಬರೆದು ಮುಗಿಸಿದಾಗ ನನಗೇ ಕಣ್ಣೀರು ಬಂತು. (ಬರೆಯುವವನು ಅತ್ತುಬಿಟ್ಟರೆ ನೋಡುವವರಿಗೆ ಅಳಲು ಏನೂ ಉಳಿಯುವುದಿಲ್ಲ ಎಂದು ಯಾವ ಯೂಟ್ಯೂಬೂ ಹೇಳಿರಲಿಲ್ಲ.)

ಚಿಗವ್ವನನ್ನು ಒಂದು ಮಾತು ಕೇಳಿದೆನೇ? ಇಲ್ಲ. ಕೇಳಬೇಕು ಅನ್ನಿಸಿತ್ತು. ಆಕೆ ಬೇಡ ಅಂದರೆ ಏನು ಗತಿ ಎಂದು ಕೇಳಲಿಲ್ಲ.

ಹೋದ ತಿಂಗಳು ಸಿಂಧನೂರಿಗೆ ಒಬ್ಬ ನಿರ್ದೇಶಕಿ ಬಂದರು. ಮಾನಸಾ ಎಂದು ಹೆಸರು, ಮಂಡ್ಯ ಕಡೆಯವರು. ಒಂದು ಚಿಕ್ಕ ಸಿನಿಮಾ ಮಾಡಿದ್ದಾರೆ. ಎರಡನೆಯದಕ್ಕೆ ನಮ್ಮ ಸೀಮೆಯ ಕಥೆ ಹುಡುಕುತ್ತಿದ್ದರು. ಗೆಳೆಯನೊಬ್ಬ ನನ್ನ ನಂಬರ್ ಕೊಟ್ಟಿದ್ದ. ರಜೆ ಹಾಕಿ ಬೆಳಗಿನ ಬಸ್ಸಿಗೇ ಹೋದೆ. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತು, ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತರಿಸಿ, ಕಥೆ ಶುರು ಮಾಡಿದೆ.

ಮಾನಸಾ ಫೋನ್ ಮುಟ್ಟಲಿಲ್ಲ. ಮಿರ್ಚಿಯನ್ನೂ ಮುಟ್ಟಲಿಲ್ಲ. ನಡುನಡುವೆ “ಮುಂದೆ?” ಎಂದರು. ನಾಲ್ಕು ಸಲ. ನಾನು ಎಣಿಸಿದೆ. ಕಥೆ ಹೇಳುವವನಿಗೆ ಅದಕ್ಕಿಂತ ದೊಡ್ಡ ಬಿರುದು ಯಾವುದಿದೆ?

ಕಥೆ ಮುಗಿಯಿತು. ಅವರು ಆರಿದ ಮಿರ್ಚಿಯನ್ನು ಮುರಿಯುತ್ತ, “ಸರ್, ಆ ನರ್ಸ್ ಸುಳ್ಳು” ಎಂದರು.

“ಕಥೆ ಅಂದ ಮೇಲೆ ಎಲ್ಲಾ ಸುಳ್ಳೇ ಅಲ್ವೇನ್ರಿ ಮೇಡಂ?”

“ಅಲ್ಲ. ಮದುವೆ ವಿಡಿಯೋದವ್ನು ನಿಜ. ನೀರಿನ ಪಾಳಿ ನಿಜ. ಗಿಳಿ ಅರ್ಧ ನಿಜ. ನರ್ಸ್ ಮಾತ್ರ ಯಾವ್ದೋ ಬೇರೆ ಸಿನಿಮಾದಿಂದ ಬಂದು ಕೂತಿದ್ದಾಳೆ. ಇವರು ಯಾಕೆ ಮಾತು ಬಿಟ್ರು ಅಂತ ನಿಮಗೇ ಗೊತ್ತಿಲ್ಲ ಅಲ್ವಾ? ಎಲ್ಲಿದ್ದಾರೆ ಅವರು?”

“ದಢೇಸುಗೂರಿನಾಗ.” ಬಾಯಿ ಜಾರಿತ್ತು.

“ಬನ್ನಿ, ಹೋಗೋಣ. ನನ್ನ ಕಾರಿದೆ.”

ರಸ್ತೆ ಸರಿಯಿಲ್ಲ ಎಂದೆ. ಅವರು ಊರಲ್ಲಿಲ್ಲ ಎಂದೆ. ಕೊನೆಗೆ ಎಮ್ಮೆ ಹಾಯುತ್ತದೆ ಎಂದೂ ಹೇಳಿ ನೋಡಿದೆ. ಮಾನಸಾ ಕಾರಿನ ಬಾಗಿಲು ತೆಗೆದು ನಿಂತಿದ್ದರು.

ದಾರಿಯುದ್ದಕ್ಕೂ ಎರಡೂ ಕಡೆ ಭತ್ತದ ಗದ್ದೆ. ಕೊಯ್ಲಿನ ಮಷೀನುಗಳು ಓಡಾಡುತ್ತಿದ್ದವು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ.

ಯಾಕೆ ಅಂತೀರಾ? ನಾನು ಹೈಸ್ಕೂಲು ಓದಿದ್ದು ಚಿಗವ್ವನ ಮನೆಯಲ್ಲಿ. ಭಾನುವಾರ ನನ್ನನ್ನು ಸಿಂಧನೂರಿಗೆ ಸಿನಿಮಾಕ್ಕೆ ಕಳಿಸುತ್ತಿದ್ದವಳು ಆಕೆಯೇ. ಒಂದೇ ಕರಾರು. ಬಂದ ಮೇಲೆ ಪೂರಾ ಕಥೆ ಹೇಳಬೇಕು. ಆಕೆಗೆ ಎಮ್ಮೆ, ಗದ್ದೆ, ಅತ್ತೆ, ಮಾವ. ಥಿಯೇಟರಿಗೆ ಬರಲು ಪುರಸೊತ್ತು ಎಲ್ಲಿತ್ತು? ಆಕೆ ರೊಟ್ಟಿ ಬಡಿಯುತ್ತಿದ್ದಳು, ನಾನು ಒಲೆಯ ಪಕ್ಕ ಕೂತು ಹೇಳುತ್ತಿದ್ದೆ. ನಾನು ಎಲ್ಲಾದರೂ ಎಳೆದರೆ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ಕಥೆ ಬಿಗಿಯಾದರೆ ಕೈ ನಿಲ್ಲುತ್ತಿತ್ತು. “ಮುಂದ?” ಎನ್ನುತ್ತಿದ್ದಳು. ಎಷ್ಟೋ ರೊಟ್ಟಿ ಹಾಗೆ ಹಂಚಿನ ಮೇಲೆ ಸೀದಿವೆ.

ನನಗೆ ಮೊದಲು “ಮುಂದ?” ಎಂದವಳ ಮನೆಯ ಒಳಗಿನ ಮಾತನ್ನು ನಾನು ಹೋಟೆಲಿನ ಟೇಬಲ್ಲಿನ ಮೇಲೆ ಹರವಿ ಬಂದಿದ್ದೆ. “ನನ್ನ ಮನಿ ಮರ್ಯಾದಿ ಬಜಾರಕ್ಕ ಇಟ್ಟೆಲ್ಲೋ” ಎಂದು ಆಕೆ ಒಂದು ಮಾತು ಅಂದುಬಿಟ್ಟರೆ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಯ ಹೊಸ್ತಿಲು ತುಳಿಯಲಿ? ಸಿನಿಮಾ ಹಾಳಾಗಿ ಹೋಗಲಿ. ಚಿಗವ್ವ ಕೈಬಿಟ್ಟು ಹೋಗಬಾರದು.

ಅಂಗಳದ ತುಂಬ ಭತ್ತ ಒಣಹಾಕಿದ್ದರು. ಕಾಕಾ ಕಾಲು ಎಳೆಯುತ್ತ, ಪಾದದಲ್ಲೇ ಗೆರೆ ಮಾಡುತ್ತ ಭತ್ತ ತಿರುವುತ್ತಿದ್ದ. ಕಟ್ಟೆಯ ಮೇಲೆ ಬೆಕ್ಕು ಮಲಗಿತ್ತು.

“ಬೆಕ್ಕೇ, ಲಿಂಗಸೂರಿಂದ ತಮ್ಮ ಬಂದಾನ, ಜೋಡಿ ಯಾರೋ ಅಕ್ಕಾರು ಅದಾರ, ಚಾ ಇಡು ಅನ್ನು” ಎಂದ ಕಾಕಾ.

“ಬೆಕ್ಕೇ, ನನಗೂ ಕಣ್ಣದಾವು ಅನ್ನು” ಎಂದು ಒಳಗಿಂದ ಉತ್ತರ ಬಂತು.

ಮಾನಸಾ ನಗು ತಡೆಯಲು ದುಪಟ್ಟಾ ಬಾಯಿಗೆ ಒತ್ತಿಕೊಂಡರು.

ಚಹಾ ಕುಡಿಯುವ ತನಕ ಊರಿನ ಮಾತು, ಮಳೆಯ ಮಾತು. ಅಷ್ಟಕ್ಕೇ ಮುಗಿಸಿ ಎದ್ದುಬಿಡೋಣ ಎಂದು ನಾನು. ಮಾನಸಾ ಬಿಡಬೇಕಲ್ಲ? ಲೋಟ ಕೆಳಗಿಟ್ಟು, “ಅಮ್ಮಾ, ನಿಮ್ಮ ಮಗ ಒಂದು ಕಥೆ ಬರೆದಿದ್ದಾರೆ. ಚೆನ್ನಾಗಿದೆ. ಆದ್ರೆ ನಿಮ್ಮನ್ನ ಕೇಳದೆ ಬರೆದಿದ್ದಾರೆ ಅನ್ಸುತ್ತೆ” ಎಂದುಬಿಟ್ಟರು.

ಚಿಗವ್ವ ನನ್ನನ್ನೇ ನೋಡಿದಳು. ನಾನು ಚಹಾದ ಲೋಟದ ತಳ ನೋಡಿದೆ.

“ಹೌದೇನೋ? ಹೇಳು ಮತ್ತ, ಕೇಳೂನು” ಎಂದು ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತಳು. ಬೆಳಿಗ್ಗೆ ಹೋಟೆಲಿನಲ್ಲಿ ನೀರು ಕುಡಿದಂತೆ ಹೇಳಿದ ಕಥೆ. ಈಗ ನಾಲಿಗೆ ಏಳುತ್ತಿಲ್ಲ. ಅಂತೂ ಶುರು ಮಾಡಿದೆ. ಒಂದೂರಿನಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ, ಒಂದು ಗಿಳಿ...

“ಗಿಳಿ ಯಾಕ? ಬೆಕ್ಕೇನ್ ಮಾಡಿತ್ತು?” ಎಂದಳು ಚಿಗವ್ವ.

ಅಲ್ಲಿಗೆ ಗುಟ್ಟು ಮುಗಿಯಿತು. ಇನ್ನು ನಿಲ್ಲಿಸಿದರೂ ತಪ್ಪು, ಹೇಳಿದರೂ ತಪ್ಪು. ಹೇಳುತ್ತ ಹೋದೆ. ಆಕೆ ಕೋಪಿಸಿಕೊಳ್ಳಲಿಲ್ಲ, ನಗಲೂ ಇಲ್ಲ. ಅಂಗಳದಲ್ಲಿ ಭತ್ತದ ಸರಬರ ನಿಂತಿದ್ದು ನನಗೆ ಗೊತ್ತಾಯಿತು. ಕಾಕಾ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ.

ನರ್ಸು ಬಂದಳು. ಕಾಕಾ ಕಾಲಿಗೆ ಹತ್ತಿದ ಭತ್ತದ ಸಮೇತ ಒಳಗೆ ಬಂದ.

“ಯಾವ ನರ್ಸಲೇ? ಎಲ್ಲೈತಿ ಆಕಿ ದವಾಖಾನಿ?”

ಚಿಗವ್ವ ಮಾನಸಾ ಕಡೆ ತಿರುಗಿ ನಕ್ಕಳು. “ಇವ್ರಿಗೆ ನರ್ಸ್ ಬ್ಯಾರೆ ಕೇಡು. ಸೂಜಿ ಕಂಡ್ರ ಎದ್ದು ಓಡ್ತಾರವ್ವ. ಅಂಥಾದ್ದೇನೂ ಇಲ್ಲ. ಸುಳ್ಳ್ಯಾಕ ಹೇಳ್ಬೇಕು, ಹೆಣ್ಮಕ್ಕಳ ವಿಷಯದಾಗ ಬಂಗಾರದಂಥ ಮನಶ್ಯಾ. ನಾನು ಮಾತು ಬಿಟ್ಟಿದ್ದು ಅದಕ್ಕಲ್ಲ.”

“ಮತ್ಯಾಕಮ್ಮಾ?”

ಹನ್ನೊಂದು ವರ್ಷ ಮಗಳಿಗೂ ಹೇಳದ್ದನ್ನು ಚಿಗವ್ವ ಆ ಅಪರಿಚಿತ ಹೆಣ್ಣುಮಗಳಿಗೆ ಹೇಳಿದಳು. ನನ್ನ ಸುಳ್ಳು ಕಾರಣವನ್ನು ಅಳಿಸಲೇಬೇಕಿತ್ತಲ್ಲ, ಹಾಗಾಗಿ ನಿಜ ಹೊರಬಂತು.

“ಪಂಚಮಿಗೆ ತವರಿಗೆ ಹೋಗಿದ್ದೆ. ಪಾಮನಕಲ್ಲೂರಿಗೆ. ಹಬ್ಬ ಮುಗೀತು. ಕರಿಯಾಕ ಬರ್ತೀನಂತ ಹೇಳಿ ಕಳಿಸಿದ್ರು. ಚೀಲ ಕಟ್ಕೊಂಡು ಕುಂತೆ. ದೀಪ ಹಚ್ಚೋತನಕ ಕುಂತೆ. ಬರಲಿಲ್ಲ. ಮರುದಿನ ಒಬ್ಬಾಕೀನ ಬಸ್ ಹತ್ತಿ ಬಂದೆ. ಬಸ್ಸಿನಾಗ ಎಲ್ಲಾರೂ ಕೇಳೋರೇ, ಯಾಕವ್ವ, ಗಂಡ ಕರಿಯಾಕ ಬರಲಿಲ್ಲೇನು ಅಂತ.”

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ನಾಗರ ಪಂಚಮಿಗೆ ಅಣ್ಣ ತಮ್ಮಂದಿರು ಬಂದು ತವರಿಗೆ ಕರೆದೊಯ್ಯಬೇಕು. ಹಬ್ಬ ಮುಗಿದ ಮೇಲೆ ಗಂಡ ಬಂದು ವಾಪಸ್ ಕರೆದೊಯ್ಯಬೇಕು. ಬರಲಿಲ್ಲ ಎಂದರೆ ಬೇಡವಾದಳು ಎಂದೇ ಅರ್ಥ ಮಾಡಿಕೊಳ್ಳುವವರು ಇವತ್ತಿಗೂ ಇದ್ದಾರೆ.

ಕಾಕಾನ ಮುಖ ಕೆಂಪಾಗಿತ್ತು. ಅಭ್ಯಾಸಬಲದಿಂದ ಕಟ್ಟೆಯ ಕಡೆ ತಿರುಗಿದ. “ಬೆಕ್ಕೇ, ಮಸ್ಕಿ ಬಸ್‌ಸ್ಟ್ಯಾಂಡಿನಾಗ ಮುಂಜಾನಿಂದ ಸಂಜಿತನಕ ನಿಂತಿದ್ದು ಯಾರು ಅಂತ ಕೇಳು!”

ಕಟ್ಟೆ ಖಾಲಿಯಿತ್ತು. ಬೆಕ್ಕು ಇಲಿಯ ಸದ್ದಿಗೋ ಏನೋ ಎದ್ದು ಹೋಗಿತ್ತು.

ಆ ಮಾತು ನೇರ ಚಿಗವ್ವನಿಗೇ ತಾಗಿತು. “ಮಸ್ಕಿಯಾಗ ಯಾಕ ನಿಂತ್ರಿ?” ಎಂದಳು. ಗಂಡನ ಮುಖ ನೋಡಿ.

ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು. ನಾನು ಅದಕ್ಕೆ ಆಸ್ಪತ್ರೆ ಕಟ್ಟಿಸಿದ್ದೆ, ಸಲೈನ್ ಬಾಟಲಿ ತೂಗುಹಾಕಿದ್ದೆ, ಒಂದು ಪುಟ ಸಂಭಾಷಣೆ ಬರೆದಿದ್ದೆ. ಆಕೆ ಕೇಳಿದ್ದು ಮಸ್ಕಿಯಲ್ಲಿ ಯಾಕೆ ನಿಂತಿರಿ ಎಂದು.

ಇಬ್ಬರಿಗೂ ತಾವು ಮಾತಾಡುತ್ತಿದ್ದೇವೆಂಬ ಖಬರು ಇರಲಿಲ್ಲ.

“ಪಂಪಿನ ಮೋಟರ್ ಸುಟ್ಟಿತ್ತು. ವೈಂಡಿಂಗಿಗೆ ಮಸ್ಕಿಗೆ ಒಯ್ದಿದ್ದೆ. ಅದನ್ನ ಬಿಟ್ಟು ಪಾಮನಕಲ್ಲೂರಿಗೆ ಹೆಂಗ ಬರಲಿ? ನೀನ ಮಸ್ಕಿಗೆ ಬಾ, ಇಲ್ಲಿಂದ ಕೂಡಿ ಹೋಗೂನು ಅಂತ ಫೋನ್ ಹಚ್ಚಿ ಹೇಳಿದ್ನಲ್ಲ! ಆ ಕಡೀಂದ ಬಂದ ಬಸ್ಸೆಲ್ಲಾ ಹತ್ತಿ ಹತ್ತಿ ನೋಡಿದೆ. ಮತ್ತ ಫೋನ್ ಹಚ್ಚಿದ್ರ ಸ್ವಿಚ್ ಆಫ್.”

“ಯಾರಿಗೆ ಹಚ್ಚಿದ್ರಿ? ನನಗ್ಯಾರೂ ಹೇಳಲೇ ಇಲ್ಲ!”

ಕಾಕಾ ಬಾಯಿ ತೆರೆದ. ನನ್ನ ಕಡೆ ನೋಡಿದ. ಬಾಯಿ ಮುಚ್ಚಿದ.

ನನಗೆ ಆಗ ನೆನಪಾಯಿತು.

ಆ ಪಂಚಮಿಗೆ ನಾನೂ ಪಾಮನಕಲ್ಲೂರಿನಲ್ಲಿದ್ದೆ. ಅದು ನನ್ನ ಅವ್ವನ ತವರೂ ಹೌದಲ್ಲ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹೆಣ್ಣುಮಕ್ಕಳೆಲ್ಲ ಉಂಡಿ ತಿನ್ನುತ್ತ ಸುತ್ತ ಕೂತಿದ್ದರು. ನಾನು ಯಾವುದೋ ಹೊಸ ಸಿನಿಮಾದ ಕಥೆ ಹೇಳುತ್ತಿದ್ದೆ. ನನ್ನ ಜೀವಮಾನದಲ್ಲೇ ಅಷ್ಟು ಚಂದ ಯಾವತ್ತೂ ಹೇಳಿಲ್ಲ. ಜೋಕಾಲಿ ನಿಂತುಹೋಗಿತ್ತು. ಇಂಟರ್‌ವಲ್ಲಿಗೆ ಸ್ವಲ್ಪ ಮೊದಲು ಕಾಕಾನ ಫೋನ್ ಬಂತು. ಆಗ ಚಿಗವ್ವನ ಹತ್ತಿರ ಫೋನ್ ಇರಲಿಲ್ಲ. “ಹೂಂ, ಆತು, ಹೇಳ್ತೀನಿ” ಎಂದೆ. ಫೋನ್ ಇಟ್ಟು ಬಾಯಿ ತೆರೆಯುವಷ್ಟರಲ್ಲಿ, ಎದುರಿಗೇ ಕೂತಿದ್ದ ಚಿಗವ್ವ ಹೇಳಿದಳು:

“ಯಾರದರ ಇರಲಿ ಬಿಡೋ, ಆಮ್ಯಾಲ ಮಾತಾಡೀಯಂತ. ಮುಂದ ಏನಾತು ಹೇಳು!”

ಹೇಳಿದೆ. ಮುಂದಿನದೆಲ್ಲ ಹೇಳಿದೆ. ಆಕೆಗೆ ಹೇಳಬೇಕಿದ್ದ ಒಂದು ಮಾತು ಬಿಟ್ಟು. ಫೋನಿನ ಚಾರ್ಜು ಮುಗಿದಿತ್ತು, ಕಥೆ ಮುಗಿದ ಮೇಲೆ ಚಪ್ಪಾಳೆ ಹೊಡೆಸಿಕೊಂಡು ನಾನು ಲಿಂಗಸುಗೂರಿನ ಬಸ್ ಹತ್ತಿದ್ದೆ.

ಎರಡು ಊರಲ್ಲಿ ಇಬ್ಬರು ದಿನವಿಡೀ ಕಾದಿದ್ದರು. ಮರುದಿನ ಚಿಗವ್ವ ಮನೆಗೆ ಬಂದಾಗ ಕಾಕಾ ಕೇಳಿದ್ದನಂತೆ: “ಬೆಕ್ಕೇ, ಬರೋರಿಗ ನಿನ್ನೆ ಬರಾಕ ಏನಾಗಿತ್ತು ಕೇಳು.” ಚಿಗವ್ವ ಕೇಳಿದ್ದಳಂತೆ: “ಬೆಕ್ಕೇ, ಕರಿಯಾಕ ಬರೋರಿಗ ಕಾಲಿರಲಿಲ್ಲೇನು ಕೇಳು.” ಎರಡೂ ಸರಿಯಾದ ಪ್ರಶ್ನೆಗಳೇ. ಕೇಳಿದ್ದು ಬೆಕ್ಕನ್ನು.

ಕಾಕಾ ನನ್ನ ಹೆಸರು ಹೇಳಲಿಲ್ಲ. ಹೊರಗಿನವರ ಮುಂದೆ ನನ್ನ ಮರ್ಯಾದೆ ತೆಗೆಯಲು ಆತನಿಗೆ ಮನಸ್ಸಾಗಲಿಲ್ಲ. ಹನ್ನೊಂದು ವರ್ಷ ಸುಮ್ಮನಿದ್ದ ಮನುಷ್ಯ, ಇನ್ನೂ ಹನ್ನೊಂದು ವರ್ಷ ಇರಬಲ್ಲ. ಸುಮ್ಮನಿದ್ದರೆ ಚಿಗವ್ವನ ಕಣ್ಣಲ್ಲಿ ನಾನು ನಾನಾಗೇ ಉಳಿಯುತ್ತಿದ್ದೆ. ಕಾಕಾ ಸುಳ್ಳನಾಗುತ್ತಿದ್ದ. ಹೇಳುತ್ತೇನೆ ನೋಡಿ, ಒಂದು ಗಳಿಗೆ ಹಾಗೆಯೇ ಸುಮ್ಮನಿರೋಣ ಅನ್ನಿಸಿತು. ಅನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

“ನನಗ ಹಚ್ಚಿದ್ದ ಚಿಗವ್ವ” ಎಂದೆ. “ನಾನ ಮರ್ತೆ. ಜೋಕಾಲಿ ಕಟ್ಟಿದ್ರಲ್ಲ ಅವತ್ತು, ಸಿನಿಮಾ ಕಥಿ ಹೇಳಾಕತ್ತಿದ್ದೆ. ನೀ ಮುಂದ ಅಂದಿ. ಹೇಳಕೋತ ಹೋದೆ.”

ಚಿಗವ್ವ ನನ್ನ ಕಡೆ ತಿರುಗಿ ಕೇಳಿದಳು:

“ಯಾವ ಸಿನಿಮಾನೋ ಅದು?”

“ನೆನಪಿಲ್ಲ ಚಿಗವ್ವ.”

“ಹೆಸರೂ ನೆನಪಿಲ್ಲ?”

“ಇಲ್ಲ.”

ಅಷ್ಟೇ. ಸಿಟ್ಟಿನ ಕಟ್ಟೆ ಒಡೆಯಿತು. “ಹೆಸರ ಗೊತ್ತಿಲ್ಲದ ಸಿನಿಮಾಕ್ಕ ಹನ್ನೊಂದು ವರ್ಷ ಹಾಳ್ ಮಾಡಿದೆಲ್ಲೋ ಭಾಡ್ಯಾ!” ಎಂದು ಚಿಗವ್ವ. “ಮಂಗ್ಯಾ ತಾ ಕೆಟ್ಟಿದ್ದಲ್ದ ವನ ಎಲ್ಲಾ ಕೆಡಿಸಿತ್ತಂತ” ಎಂದು ಕಾಕಾ. ಆಕೆ ಒಂದು ಅಂದರೆ ಆತ ಒಂದು. ಆತ ನಿಲ್ಲಿಸಿದಲ್ಲಿಂದ ಆಕೆ. ನಾನು ತಲೆ ತಗ್ಗಿಸಿ ನಿಂತಿದ್ದೆ. ನಿಮಗೆ ಆಶ್ಚರ್ಯವಾಗಬಹುದು, ನನ್ನ ಎದೆಯ ಮೇಲಿಂದ ಕಲ್ಲು ಇಳಿದಂತಾಗಿತ್ತು. ಇಬ್ಬರೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದಾರೆ! ಗಂಡ ಹೆಂಡತಿ ಸೇರಿಕೊಂಡು ಬೈಯುತ್ತಿದ್ದಾರೆ! ಬೈಯಲಿ, ಇನ್ನೂ ನಾಲ್ಕು ಬೈಯಲಿ.

ನನ್ನನ್ನು ಬೈದು ಮುಗಿದ ಮೇಲೆ ಒಬ್ಬರನ್ನೊಬ್ಬರು ಶುರು ಹಚ್ಚಿಕೊಂಡರು. ನೀವು ಹೇಳಬೇಕಿತ್ತು. ನೀ ಕೇಳಬೇಕಿತ್ತು. ಮೋಟರ್ ದೊಡ್ಡದಾತೇನು? ತವರುಮನಿ ದೊಡ್ಡದಾತೇನು? ಜಗಳ ಭತ್ತದ ತೂಕಕ್ಕೆ ಹೋಯಿತು, ಮಗಳ ಮದುವೆಗೆ ತಂದ ಸೀರೆಗೆ ಬಂತು, ತೀರಿಹೋದ ಅತ್ತೆಯನ್ನೂ ಮುಟ್ಟಿತು. ಎಷ್ಟು ವರ್ಷದ ಬಾಕಿ ಮಾತು!

ಮಾನಸಾ ನನ್ನ ತೋಳು ಹಿಡಿದು ಹೊರಗೆ ಕರೆತಂದರು. ಕಾಕಾ ಬಿಟ್ಟು ಬಂದ ಭತ್ತಕ್ಕೆ ಆಡು ಬಾಯಿ ಹಾಕಿತ್ತು. ಓಡಿಸಿದೆವು. ಇಬ್ಬರೂ ಚಪ್ಪಲಿ ಬಿಟ್ಟು, ಕಾಲು ಎಳೆಯುತ್ತ ಭತ್ತ ತಿರುವಿದೆವು. ಒಳಗೆ ಜಗಳ ನಡೆದೇ ಇತ್ತು. ಆಮೇಲೆ ಸದ್ದು ಇಳಿಯಿತು. ಆಮೇಲೆ ಚಿಗವ್ವ ಮೂಗು ಸೀಟಿಕೊಳ್ಳುವುದು ಕೇಳಿಸಿತು. ಕಾಕಾ ಮೆತ್ತಗೆ ಏನೋ ಅಂದ. ಅದು ನಮಗೆ ಕೇಳಿಸಲಿಲ್ಲ. ಕೇಳಿಸಬಾರದ್ದೇ.

ಆಗ ಬೆಕ್ಕು ವಾಪಸ್ ಬಂತು. ಬಾಗಿಲಲ್ಲಿ ನಿಂತು ಒಳಗೆ ನೋಡಿತು. ಯಾರೂ ಅದನ್ನು ಕರೆಯಲಿಲ್ಲ.

ವಾಪಸ್ ಬರುವಾಗ, ಕಾರು ಸಿಂಧನೂರಿನ ಹತ್ತಿರ ಬಂದಾಗ ಮಾನಸಾ, “ಸರ್, ನರ್ಸನ್ನ ತೆಗೆದುಬಿಡಿ. ಆಸ್ಪತ್ರೆನೂ ಬೇಡ. ಗಿಳಿ ಹಾರಿಸಿಬಿಡಿ, ಬೆಕ್ಕು ಇರಲಿ. ಈ ಸಿನಿಮಾ ನಾನು ಮಾಡ್ತೀನಿ” ಎಂದರು. ಆಮೇಲೆ, “ಆದ್ರೆ ಅವರು ಹೂಂ ಅಂದ್ರೆ ಮಾತ್ರ” ಎಂದರು.

ಸಿನಿಮಾಕ್ಕೆ ಬರೆದು ಗೆಲ್ಲಲು ಏನು ಬೇಕು ಎಂದು ಕೇಳಿದ್ದಿರಲ್ಲ? ಇಪ್ಪತ್ತೈದನೇ ಪುಟದ ವಿಷಯ ನನಗೆ ಈಗಲೂ ಗೊತ್ತಿಲ್ಲ. ಗೊತ್ತಾದದ್ದು ಇಷ್ಟು. ಕಥೆ ಯಾರದೋ ಅವರ ಎದುರಿಗೆ ಕೂತು ಹೇಳಬೇಕು. ಹೇಳುವಾಗ ಕಾಲು ನಡುಗಬೇಕು. ನಡುಗದಿದ್ದರೆ ನೀವು ನರ್ಸನ್ನು ತಂದು ಕೂರಿಸಿದ್ದೀರಿ ಎಂದರ್ಥ. ಸುಳ್ಳು ಎಲ್ಲಿದೆ ಎಂದು ಅವರೇ ಬೆರಳಿಟ್ಟು ತೋರಿಸುತ್ತಾರೆ. ತೋರಿಸಿದ ಮೇಲೆ ಮೀಸೆ ತಿರುವಬಾರದು, ಬರೆದುಕೊಳ್ಳಬೇಕು. ಮತ್ತೆ, ಕಥೆಯ ನಡುವೆ ಫೋನ್ ಬಂದರೆ ಕಥೆ ನಿಲ್ಲಿಸಬೇಕು. ಎಂಥ ಇಂಟರ್‌ವಲ್ ಬೇಕಾದರೂ ಇರಲಿ.

ಹೊಸದಾಗಿ ಬರೆದೆ. ಈ ಸಲ ಗೋಡೆಗೆ ಚೀಟಿ ಅಂಟಿಸಲಿಲ್ಲ. ಕಳೆದ ಭಾನುವಾರ ಅದನ್ನು ಹಿಡಿದುಕೊಂಡು, ಹೆಂಡತಿ ಮಾಡಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದುಕೊಂಡು, ಒಪ್ಪಿಗೆ ಕೇಳಲು ದಢೇಸುಗೂರಿಗೆ ಹೋದೆ. ದೂರದಿಂದಲೇ ಕಂಡಿತು. ಕಟ್ಟೆಯ ಮೇಲೆ ಇಬ್ಬರೂ ಕೂತು ಶೇಂಗಾ ಸುಲಿಯುತ್ತ ಮಾತಾಡುತ್ತಿದ್ದಾರೆ. ಏನು ಮಾತೋ, ಮುಗಿಯುವಂತೆ ಕಾಣಲಿಲ್ಲ. ಅದನ್ನು ನೋಡಿ ನನಗಾದ ಸಮಾಧಾನ ಯಾವ ಸಿನಿಮಾ ಗೆದ್ದರೂ ಆಗಲಿಕ್ಕಿಲ್ಲ. ಸ್ವಲ್ಪ ಹೊತ್ತು ಬೇಲಿಯ ಹತ್ತಿರವೇ ನಿಂತು ನೋಡಿದೆ.

ನಾನು ಅಂಗಳಕ್ಕೆ ಕಾಲಿಟ್ಟೆ. ಮಾತು ನಿಂತಿತು.

ಚಿಗವ್ವ ನನ್ನ ಕಡೆ ನೋಡಲೇ ಇಲ್ಲ. ಪಕ್ಕಕ್ಕೆ ತಿರುಗಿದಳು. “ಬೆಕ್ಕೇ, ಲಿಂಗಸೂರಿನ ಸಾಹೇಬ್ರು ಬಂದಾರ, ಚಾ ಕುಡಿತಾರೇನು ಕೇಳು.”

ಕಾಕಾ ಶೇಂಗಾ ಬಾಯಿಗೆ ಎಸೆದುಕೊಂಡ. “ಬೆಕ್ಕೇ, ಫೋನಿಗೆ ಚಾರ್ಜ್ ಐತೇನು, ಅದನ್ನೂ ಕೇಳು.”

ಹೌದು. ಇಬ್ಬರೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬೆಕ್ಕಿಗೆ ಮತ್ತೆ ಕೆಲಸ ಸಿಕ್ಕಿದೆ.

ನಾನೂ ಪದ್ಧತಿಯಂತೆ ಬೆಕ್ಕಿನ ಎದುರು ಕುಕ್ಕರಗಾಲಲ್ಲಿ ಕೂತೆ. “ಬೆಕ್ಕೇ, ಕಥಿ ಹೊಸದಾಗಿ ಬರದೀನಿ. ಸಿನಿಮಾ ಮಾಡಾಕ ಒಪ್ಪಿಗಿ ಐತೇನು ಅಂತ ಕೇಳು. ಇಲ್ಲಂದ್ರ ಇಲ್ಲೇ ಹರದು ಒಲಿಗೆ ಹಾಕ್ತೀನಿ ಅನ್ನು.”

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಾ ತಲೆ ಅಲ್ಲಾಡಿಸಿದ. ಚಿಗವ್ವ ಸೆರಗು ಬಾಯಿಗೆ ಹಿಡಿದಿದ್ದಳು, ಆದರೂ ನಗು ಕಣ್ಣಲ್ಲಿ ಬಂದುಬಿಟ್ಟಿತ್ತು.

“ಬೆಕ್ಕೇ, ಒಪ್ಪಿಗಿ ಐತಿ ಅನ್ನು. ಆದ್ರ ತಪ್ಪೆಲ್ಲಾ ಅವನದ ಅಂತ ಪಿಚ್ಚರಿನಾಗ ಬರೋಬರಿ ತೋರಿಸ್ಬೇಕು ಅನ್ನು. ಅಲ್ಲೀತನ ನಮ್ಮ ಮಾತಿಲ್ಲ ಅನ್ನು.”

ಬೆಕ್ಕು ಎದ್ದು, ಮೈ ಮುರಿದು, ನೇರ ನನ್ನ ಹತ್ತಿರ ಬಂದು ಮಂಡಿಗೆ ತಲೆ ತಿಕ್ಕಿತು.

ಅದು ನನ್ನಂತಲ್ಲ, ಹೇಳಿದ ಮಾತನ್ನು ಮುಟ್ಟಿಸುತ್ತದೆ.